ಮದರಂಗಿಯ ಕೆಳಗಿನ ಕೆಂಪು

ಆ ಶ್ರಾವಣದಲ್ಲಿ ನಮ್ಮ ಮನೆಯ ತುಳಸಿ ತಾರಸಿಯ ಮೇಲೆ ವಾಸವಾಗಿದ್ದಳು. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿಗೆ ನಾವು ಬಂದಂದಿನಿಂದ ಬಾಲ್ಕನಿಯ ಈಶಾನ್ಯ ಮೂಲೆಯನ್ನು ಬಿಟ್ಟು ಕದಲದಿದ್ದ ವೃಂದಾವನವನ್ನು ಮಗನೂ ಅಳಿಯಂದಿರೂ ಸೇರಿ ಮೇಲಕ್ಕೆ ಸಾಗಿಸಿದ್ದರು. ಮಗಳಿಗೆ ಅಸ್ಥಿಮಜ್ಜೆಯ ಕಸಿಯಾಗಿತ್ತು. ಅವಳಿರುವ ಮನೆಯಲ್ಲಿ ಮಣ್ಣು, ಹೂವು, ಗಿಡ ಯಾವುದೂ ಇರಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ನಾನು ಬೆಳಗಿನ ಸ್ನಾನ ಮುಗಿಸಿ, ಒಂದು ಕೈಯಲ್ಲಿ ತಂಬಿಗೆ, ಮತ್ತೊಂದರಲ್ಲಿ ಕೊಡೆ ಹಿಡಿದು ಮೇಲೆ ಹೋಗುತ್ತಿದ್ದೆ. ಮಳೆಗಾಲವಾದ್ದರಿಂದ ತುಳಸಿ ತಾಯಿಗೆ ನನ್ನ ತಂಬಿಗೆಯ ನೀರಿನ ಅಗತ್ಯವಿರಲಿಲ್ಲ. ಆದರೂ ಎರೆದು, ಪ್ರದಕ್ಷಿಣೆ ಬಂದು, ಕೈಕಾಲು ಸಾಬೂನಿನಿಂದ ತೊಳೆದುಕೊಂಡ ಮೇಲೆಯೇ ಒಳಗೆ ಕಾಲಿಡುತ್ತಿದ್ದೆ. ಪೂಜೆ ಮುಗಿದ ಮೇಲೆ ಮಗಳಿಗೆ ತೀರ್ಥ ಕೊಡುವಂತಿರಲಿಲ್ಲ. ಬಾಗಿಲಲ್ಲಿ ನಿಂತು ಉದ್ಧರಣೆಯನ್ನು ಎತ್ತಿ ತೋರಿಸುತ್ತಿದ್ದೆ. ಅವಳು ಹಾಸಿಗೆಯ ಮೇಲೆ ಕುಳಿತಲ್ಲಿಂದಲೇ ಕಣ್ಣು ಮುಚ್ಚಿ ಕೈಜೋಡಿಸುತ್ತಿದ್ದಳು. ದೇವರು ಅಷ್ಟನ್ನೇ ಸ್ವೀಕರಿಸಿದನೆಂದು ನನಗೆ ಸಂಶಯವಿಲ್ಲ.

ಮಗಳಿಗೆ ನಲವತ್ತು ದಾಟಿದೆ. ಮದುವೆಯಾಗಿ ಕುರ್ಲಾದಲ್ಲಿ ಸಂಸಾರ ಹೂಡಿದವಳು. ಅಳಿಯಂದಿರು ವಿಜಯಪುರದ ಕಡೆಯವರು. ಬೈಕುಲ್ಲಾದ ಸಗಟು ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ವ್ಯಾಪಾರ. ಹಿಂದಿನ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಔಷಧಗಳಿಂದ ಅದು ತಗ್ಗಿತಾದರೂ ಮತ್ತೆ ತಲೆಯೆತ್ತದಂತಾಗಲು ಇನ್ನೊಬ್ಬರ ಮಜ್ಜೆಯನ್ನು ಕಸಿ ಮಾಡುವುದೇ ಉಪಾಯವೆಂದರು. ಅವಳ ಬೆನ್ನಿಗೆ ಹುಟ್ಟಿದ ತಮ್ಮನ ಮಜ್ಜೆ ಸಂಪೂರ್ಣ ಹೊಂದಿತು. ಅವನ ಸೊಂಟದ ಹಿಂಬದಿಯ ಎಲುಬಿನಿಂದ ಅದನ್ನು ತೆಗೆದು, ರಕ್ತ ಕೊಡುವ ಹಾಗೆಯೇ ಅವಳಿಗೆ ಕೊಟ್ಟರು. ಕೆಲವು ವಾರ ಗಾಜಿನ ಬಾಗಿಲಿನ ಕೋಣೆಯಲ್ಲಿದ್ದು, ತಮ್ಮನ ಮಜ್ಜೆ ತನ್ನ ಎಲುಬಿನಲ್ಲಿ ನೆಲೆಗೊಂಡ ಮೇಲೆ, ಪ್ರತ್ಯೇಕ ಸ್ನಾನಗೃಹವಿರುವ ಕೋಣೆ ನಮ್ಮಲ್ಲಿದೆಯೆಂಬ ಕಾರಣಕ್ಕೆ ಅವಳು ನಮ್ಮ ಮನೆಗೆ ಬಂದಳು. ಅಳಿಯಂದಿರು ಮಾರುಕಟ್ಟೆಯಿಂದ ಬಂದವರು ಮೆಣಸಿನಕಾಯಿಯ ಘಾಟು ಹೋಗುವಂತೆ ಮಿಂದು, ಬಟ್ಟೆ ಬದಲಿಸಿ, ಆಮೇಲೆ ಹೆಂಡತಿಯ ಮುಖ ನೋಡುತ್ತಿದ್ದರು.

ಮನೆಗೆ ಕಳಿಸುವ ದಿನ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು ಮಾತನಾಡಿದರು. ಬೆಳಗಾವಿಯ ಹೆಣ್ಣುಮಗಳು, ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಕನ್ನಡ ಕೇಳಿದ ಮೊದಲ ದಿನವೇ ಮರಾಠಿ ಬಿಟ್ಟು ನಮ್ಮ ಮಾತಿಗೆ ಬಂದಿದ್ದರು.

"ಕಾಕಾ, ತಮ್ಮನ ಮಜ್ಜೆ ಬೇರು ಬಿಟ್ಟದ, ಅದು ಛಲೋ ಸುದ್ದಿ. ಆದ್ರ ಆ ಮಜ್ಜೆಯಿಂದ ಹುಟ್ಟೋ ಬಿಳಿ ಕಣಗಳಿಗೆ ಈ ಮೈ ಯಾರದಂತ ಇನ್ನೂ ಗುರ್ತಿಲ್ಲ. ಒಮ್ಮೊಮ್ಮೆ ಇದು ನಮ್ಮನಿ ಅಲ್ಲ ಅಂತ ತಿಳದು ಜಗಳಕ್ಕ ಬೀಳ್ತಾವ. ಚರ್ಮದ ಮ್ಯಾಲ, ಕರುಳಿನ ಮ್ಯಾಲ, ಲಿವರ್ ಮ್ಯಾಲ. ಅಂಗೈ ಅಂಗಾಲು ಕೆಂಪಾದ್ರ, ಭೇದಿ ಹತ್ತಿದ್ರ, ಕಣ್ಣು ಹಳದಿ ಆದ್ರ ಅವತ್ತೇ ಫೋನ್ ಮಾಡ್ರಿ. ನಾಳೆ ನೋಡೋಣು ಅನಬ್ಯಾಡ್ರಿ."

ಮನೆಗೆ ಬಂದು ಇದೆಲ್ಲವನ್ನೂ ಹೆಂಡತಿಗೆ ಒಪ್ಪಿಸಿದೆ. ಅವಳು ಒಂದಕ್ಷರ ಮರೆಯಲಿಲ್ಲ. ಬೆಳಗಾದೊಡನೆ ಮಗಳನ್ನು ಕಿಟಕಿಯ ಬಳಿ ಕೂರಿಸಿ, ಕಣ್ಣಿನ ರೆಪ್ಪೆ ಎಳೆದು, ಅಂಗೈ ತಿರುಗಿಸಿ, ಅಂಗಾಲು ಮುಟ್ಟಿ ನೋಡುವುದು ಅವಳ ನಿತ್ಯದ ಸೇವೆಯಾಯಿತು. ಎಲ್ಲವೂ ಬಿಳಿಚಿಕೊಂಡೇ ಇತ್ತು. ಬಿಳಿಚು ಕಂಡು ಸಮಾಧಾನಪಡುವ ಕಾಲವೂ ಒಂದು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಹೀಗಿರುವಾಗ ನಾಗರ ಪಂಚಮಿ ಬಂತು. ನಮ್ಮ ಉತ್ತರದ ಸೀಮೆಯಲ್ಲಿ ಪಂಚಮಿಯೆಂದರೆ ಅಕ್ಕತಂಗಿಯರ ಹಬ್ಬ. ಒಡಹುಟ್ಟಿದವನನ್ನು ಮಣೆಯ ಮೇಲೆ ಕೂರಿಸಿ, ಅವನ ಬೆನ್ನಿಗೆ ಹಾಲೆರೆದು, ಬೆನ್ನು ತಂಪಿರಲಿ, ಹೊಟ್ಟೆ ತಂಪಿರಲಿ ಎಂದು ಹರಸುತ್ತಾರೆ. ಮುಂಬಯಿಗೆ ಬಂದ ಮೇಲೂ ನಮ್ಮ ಮನೆಯಲ್ಲಿ ಅದು ತಪ್ಪಿರಲಿಲ್ಲ. ಈ ಸಲ ಮಗ ಕೊಟ್ಟಿರುವುದು ಎಲುಬಿನೊಳಗಿನ ಸತ್ವವನ್ನಾದ್ದರಿಂದ, ಹಾಲೆರೆಯದೆ ಬಿಡುವ ಮಾತನ್ನು ಯಾರೂ ಆಡಲಿಲ್ಲ. ಹಾಲನ್ನು ಕಾಯಿಸಿ ಆರಿಸುವುದು, ಹೂವಿನ ಬದಲು ಹತ್ತಿ ಬಳಸುವುದು, ಮಗಳು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂರುವುದು ಎಂದು ಏರ್ಪಾಡಾಯಿತು.

ಹಿಂದಿನ ಸಂಜೆ ನನ್ನ ಹೆಂಡತಿ ಬಿಲ್ಡಿಂಗಿನ ಹಿಂಬದಿಯ ಪೊದೆಯಿಂದ ಮದರಂಗಿ ಸೊಪ್ಪು ತಂದಳು. ಕುದಿಸಿದ ನೀರಿನಲ್ಲಿ ಎರಡು ಸಲ ತೊಳೆದು ನುಣ್ಣಗೆ ಅರೆದಳು. ಗಿಡ ಬೇಡವೆಂದಿದ್ದಾರೆ, ಅರೆದ ಮೇಲೆ ಅದು ಗಿಡವಲ್ಲ ಎಂಬುದು ಅವಳ ಮೀಮಾಂಸೆ. ನಾನು ಪಕ್ಕದ ಕೋಣೆಯಲ್ಲಿ ಮರುದಿನದ ಪೂಜೆಗೆ ಬತ್ತಿ ಹೊಸೆಯುತ್ತಿದ್ದೆ. ತಾಯಿ ಮಗಳ ಮಾತು ಕಿವಿಗೆ ಬೀಳುತ್ತಿತ್ತು.

"ಅವ್ವಾ, ಡಾಕ್ಟರ್ ಮೇಡಂ ಬೈತಾರ ನೋಡು."

"ಬೈಲಿ. ಮುತ್ತೈದಿ ಇದ್ದು ಪಂಚಮಿಗೆ ಬರಿಗೈಲೆ ತಮ್ಮಗ ಹಾಲೆರೀತಿ? ವರ್ಷದಿಂದ ಈ ಕೈಗೆ ಸೂಜಿ ಬಿಟ್ಟರ ಏನು ಬಂತು? ತಾ ಇಲ್ಲೆ."

ಮಗಳು ಕೈ ಕೊಟ್ಟಳು. ಅವಳಿಗೂ ಆಸೆಯಿತ್ತು. ಅಂಗೈಯ ನಡುವೆ ರೂಪಾಯಿ ಗಾತ್ರದ ಒಂದು ಬೊಟ್ಟು, ಸುತ್ತ ಸಣ್ಣ ಬೊಟ್ಟುಗಳು, ಬೆರಳ ತುದಿಗೆ ಟೊಪ್ಪಿಗೆ, ಅಂಗಾಲಿಗೂ ಅದೇ. ಹಳೆಯ ಕಾಲದ ಚಿತ್ತಾರ. ಉಳಿದುದನ್ನು ನನ್ನ ಹೆಂಡತಿ ತನ್ನ ಎಡಗೈಗೆ ಹಚ್ಚಿಕೊಂಡಳು. ನಿತ್ಯವೂ ಯಾವ ಅಂಗೈಯನ್ನು ಬಿಳುಪೆಂದು ನೋಡಿ ಧೈರ್ಯ ತಾಳುತ್ತಿದ್ದೆವೋ ಅದರ ಮೇಲೆಯೇ ಕೆಂಪು ಬಳಿಯುತ್ತಿದ್ದೇವೆಂಬುದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ತೊಳೆದ ಕೈ ನೋಡಿ ನನ್ನ ಹೆಂಡತಿಯ ಮುಖ ಅರಳಿತು. "ಬರ್ರಿ, ನೋಡ್ರಿ ಅಳಿಯಂದಿರ! ನನ್ನ ಕೈ ನೋಡ್ರಿ, ಕಿತ್ತಳಿ ಬಣ್ಣ. ನಿಮ್ಮ ಹೆಂಡತಿ ಕೈ ನೋಡ್ರಿ, ರಕ್ತಚಂದನ. ಗಂಡನ ಪ್ರೀತಿ ಎಷ್ಟದ ಅಂತ ಕೈಯೇ ಹೇಳ್ತದ."

ಮಗಳು ಅಂಗೈಯನ್ನು ಚಾದರಿಗೆ ಉಜ್ಜಿಕೊಳ್ಳುತ್ತಿದ್ದಳು. "ಪ್ರೀತಿ ಏನೋ ಸರಿ, ಆದ್ರ ಭಾಳ ತುರಸ್ತದ."

"ಹಂಗಾದ್ರ ನನ್ನ ಪ್ರೀತಿ ತುರಸ್ತದ ಅಂದಂಗಾತು" ಎಂದರು ಅಳಿಯಂದಿರು. "ಮೆಣಸಿನಕಾಯಿ ವ್ಯಾಪಾರದವನ ಪ್ರೀತಿ ಅತ್ತೀ, ಮತ್ತೇನು ಮಾಡ್ತದ?"

ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು.

ಮಗ ಬಂದ. ಅಂಗಿ ತೆಗೆದು ಮಣೆಯ ಮೇಲೆ ಬೆನ್ನು ತೋರಿ ಕುಳಿತ. ಸೊಂಟದ ಮೇಲೆ, ಎಡಕ್ಕೊಂದು ಬಲಕ್ಕೊಂದು, ಸೂಜಿ ಇಳಿಸಿದ ಗುರುತು ಇನ್ನೂ ಕಪ್ಪಾಗಿ ಕಾಣುತ್ತಿತ್ತು. ನಾನು ಸಂಕಲ್ಪ ಹೇಳಿದೆ. ಮಗಳು ಬೆಳ್ಳಿ ಬಟ್ಟಲಿನ ಹಾಲಿನಲ್ಲಿ ಹತ್ತಿ ಅದ್ದಿ ಅವನ ಬೆನ್ನಿಗೆ ಎರೆದಳು. ಗುರುತುಗಳಿದ್ದಲ್ಲಿಗೆ ಬಂದಾಗ ಹತ್ತಿಯನ್ನು ಬಟ್ಟಲಿಗೆ ಹಾಕಿ, ಬರಿಯ ಅಂಗೈಯನ್ನೇ ಅಲ್ಲಿ ಊರಿದಳು.

ಮಗ ಬೆಚ್ಚಿ ಮುಂದಕ್ಕೆ ಬಾಗಿದ. "ಅಕ್ಕಾ! ಏನಿದು, ಕೈ ಕಾದ ಹಂಚಾಗೇದಲ್ಲ!"

"ಹಾಲು ಬಿಸಿ ಅದ ಏನು?" ಎಂದಳು ನನ್ನ ಹೆಂಡತಿ.

"ಹಾಲು ತಣ್ಣಗದ ಅವ್ವಾ. ಇವಳ ಕೈ ಸುಡ್ತದ."

ಥರ್ಮಾಮೀಟರ್ ತಂದರು. ಜ್ವರವಿರಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ನನ್ನ ಬಾಯಲ್ಲಿದ್ದ ಮಂತ್ರ ಮಾತ್ರ ಅರ್ಧಕ್ಕೆ ನಿಂತಿತು. ಡಾಕ್ಟರ್ ಹೇಳಿದ ಮಾತಿನಲ್ಲಿ ಜ್ವರವಿರಲಿಲ್ಲ, ಅಂಗೈ ಇತ್ತು. ನಾನು ಮಗಳ ಕೈಯನ್ನೂ ಅವಳ ತಾಯಿಯ ಎಡಗೈಯನ್ನೂ ಹಿಡಿದು ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟೆ. ಒಂದೇ ಬಟ್ಟಲಿನ ಮದರಂಗಿ, ಒಂದೇ ಚಿತ್ತಾರ. ತಾಯಿಯ ಕೈಯಲ್ಲಿ ಬೊಟ್ಟಿಗೂ ಬೊಟ್ಟಿಗೂ ನಡುವೆ ಚರ್ಮದ ಸಹಜ ಬಣ್ಣವಿತ್ತು. ಮಗಳ ಕೈಯಲ್ಲಿ ಆ ನಡುವಿನ ಜಾಗವೂ ಕೆಂಪಾಗಿತ್ತು. ಬೆರಳಿನಿಂದ ಒತ್ತಿದರೆ ಕ್ಷಣ ಬಿಳುಪಾಗಿ, ಮತ್ತೆ ಕೆಂಪು ತುಂಬಿಕೊಳ್ಳುತ್ತಿತ್ತು.

"ಇದು ಮದರಂಗಿ ಅಲ್ಲ" ಎಂದೆ.

ಅಳಿಯಂದಿರು ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. ಡಾಕ್ಟರ್ ಫೋಟೋ ಕಳಿಸಿರೆಂದರು, ಕಳಿಸಿದೆವು. ಮರುಕ್ಷಣವೇ ಕರೆ ಬಂತು: "ಇದರಾಗ ಏನೂ ತಿಳಿಯೂದಿಲ್ಲ. ಹೊರಟು ಬರ್ರಿ." ಪಾತ್ರೆಯಲ್ಲಿ ಮುಟ್ಟದೆ ಉಳಿದಿದ್ದ ಹಾಲನ್ನೇ ದೇವರಿಗೆ ನೈವೇದ್ಯ ಮಾಡಿ, ಮಾಡಿಟ್ಟ ಅಡಿಗೆಗೆ ತಾಟು ಮುಚ್ಚಿ, ಟ್ಯಾಕ್ಸಿ ಹಿಡಿದೆವು.

ಆಸ್ಪತ್ರೆಯಲ್ಲಿ ಡಾಕ್ಟರ್ ಮಗಳ ಎರಡೂ ಅಂಗೈಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ಅಂಗಾಲು ತೋರಿಸಿರೆಂದರು. ಅಲ್ಲಿಯೂ ಬೊಟ್ಟು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಕಾಕಾ, ಇಷ್ಟು ವರ್ಷದಾಗ ಇಂಥಾ ದದ್ದು ಭಾಳ ನೋಡೀನಿ. ಅದರ ಮ್ಯಾಲ ರಂಗೋಲಿ ಹಾಕಿದ್ದು ಇವತ್ತೇ ನೋಡಿದ್ದು. ಇದನ್ನ ನಾ ಹೆಂಗ ಓದ್ಲಿ, ಹೇಳ್ರಿ?"

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಡಾಕ್ಟರ್ ಅವಳ ಭುಜ ಹಿಡಿದರು. "ಮಾವಶಿ, ಮೆಹಂದಿಯಿಂದ ಇದು ಬಂದದ್ದಲ್ಲ. ಹಚ್ಚಬಾರದಿತ್ತು, ಅದು ಬ್ಯಾರೆ. ಬರೂದಿತ್ತು, ಬಂತು. ಜಲ್ದಿ ತಂದೀರಿ, ಅಷ್ಟು ಸಾಕು."

ಆಮೇಲೆ ಕಿವಿಯ ಹಿಂಭಾಗ, ಕತ್ತು, ಹೆಗಲು, ಎದೆ ಪರೀಕ್ಷಿಸಿದರು. ಎಲ್ಲೆಲ್ಲಿ ಬಟ್ಟೆಯ ಮರೆಯಿತ್ತೋ ಅಲ್ಲೆಲ್ಲ ದದ್ದು ಆಗಲೇ ಹಬ್ಬಿತ್ತು. ಮಲವಿಸರ್ಜನೆ ಹೇಗಿದೆಯೆಂದು ಕೇಳಿದಾಗ ಮಗಳು ನನ್ನತ್ತ, ತಮ್ಮನತ್ತ ನೋಡಿ ಸುಮ್ಮನಾದಳು. ನಾವು ಗಂಡಸರು ಎದ್ದು ಹೊರಗೆ ಬಂದೆವು. ಬಾಗಿಲು ಮುಚ್ಚಿದ ಮೇಲೆ ಹೊರಬಿದ್ದ ಸಂಗತಿಯೇನೆಂದರೆ, ಎರಡು ದಿನಗಳಿಂದ ಭೇದಿಯಾಗುತ್ತಿತ್ತು. ಹಬ್ಬಕ್ಕೆಂದು ಮಾಡಿದ ಶೇಂಗಾ ಉಂಡಿಯನ್ನು ತಾನು ಕದ್ದು ತಿಂದಿದ್ದರಿಂದ ಆಯಿತೆಂದು ಬಗೆದು, ಹೇಳಿದರೆ ಡಬ್ಬಿ ಎತ್ತಿಟ್ಟಾರೆಂದು ನಲವತ್ತು ದಾಟಿದ ಹೆಂಗಸು ಬಾಯಿ ಬಿಟ್ಟಿರಲಿಲ್ಲ.

ಆ ಮಾತು ಕೇಳಿದ ಮೇಲೆ ಡಾಕ್ಟರರ ನಗೆ ನಿಂತಿತು. ನಮ್ಮನ್ನೆಲ್ಲ ಒಳಗೆ ಕರೆದು, ಮರೆಮಾಚದೆ ಹೇಳಿದರು. ತಮ್ಮನ ಕಣಗಳು ಜಗಳಕ್ಕೆ ಬಿದ್ದಿವೆ. ರಕ್ತಪರೀಕ್ಷೆಯಲ್ಲಿ ಯಕೃತ್ತು ಸ್ವಸ್ಥವಿದೆ, ಆದರೆ ಚರ್ಮದ ಜೊತೆಗೆ ಕರುಳಿಗೂ ತಗುಲಿರುವಂತಿದೆ. ಕರುಳಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ಆದರೆ ಅದರ ಉತ್ತರಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಸ್ಟಿರಾಯ್ಡ್ ಇಂದೇ ಆರಂಭಿಸಬೇಕು.

"ಚರ್ಮ ಅಷ್ಟೇ ಇದ್ದು, ಅದೂ ಸ್ವಲ್ಪ ಜಾಗಾದಾಗಿದ್ರ ಮುಲಾಮಿನ ಮ್ಯಾಲ ಮುಗಸ್ತಿದ್ದೆ. ಇನ್ನೊಂದಿಷ್ಟು ಹಬ್ಬಿದ್ರ, ಮೈತೂಕದ ಕಿಲೋಕ್ಕ ಒಂದು ಮಿಲಿಗ್ರಾಂ. ಕರುಳಿಗೂ ಇಳದದ ಅಂದ್ರ ಕಿಲೋಕ್ಕ ಎರಡು. ಇವರಿಗೆ ಎರಡರಿಂದ ಶುರು ಮಾಡ್ತೀನಿ."

"ಇನ್ನೂ ಹೆಚ್ಚು ಕೊಟ್ಟರೆ ಬೇಗ ತಗ್ಗುವುದಿಲ್ಲವೆ?" ಎಂದು ನಾನು ಕೇಳಿದೆ. ತಂದೆಯಾದವನು ಕೇಳುವ ಪ್ರಶ್ನೆ.

"ಇಲ್ಲ ಕಾಕಾ. ಎರಡು ದಾಟಿದ ಮ್ಯಾಲ ಗುಣ ಹೆಚ್ಚಾಗೂದಿಲ್ಲ, ಅಪಾಯ ಹೆಚ್ಚಾಗ್ತದ. ಈ ಔಷಧ ಆ ಕಣಗಳನ್ನ ಸುಮ್ಮನ ಕೂಡಸ್ತದ. ಅವು ಪೂರ್ತಿ ನಿದ್ದಿ ಹೋದ್ರ ಸಣ್ಣ ಸೋಂಕು ಬಂದ್ರೂ ತಡಿಯೋರಿಲ್ಲ. ಮತ್ತ ಕ್ಯಾನ್ಸರ್ ಕಣ ಎಲ್ಲೆರ ಅಡಗಿದ್ರ ಹುಡುಕಿ ಕೊಲ್ಲೋವೂ ಇವೇ ತಮ್ಮನ ಕಣಗಳೇ. ಬೈದು ಕೂಡಸಬೇಕು, ಹೊಡದು ಹಾಕಬಾರದು. ಮೂರು ದಿವಸದಾಗ ಹೆಚ್ಚಾದ್ರ, ಇಲ್ಲಾ ಒಂದು ವಾರ ಆದ್ರೂ ಇಳೀಲಿಲ್ಲಂದ್ರ, ಸ್ಟಿರಾಯ್ಡ್‌ಗೆ ಇದು ಬಗ್ಗಲಿಲ್ಲ ಅಂತ ಅರ್ಥ. ಆವಾಗ ಬ್ಯಾರೆ ಔಷಧ ಅವ. ಆದ್ರ ದಾರಿ ಕಠಿಣ ಆಗ್ತದ."

ಮಗಳ ಬಳೆ ತೆಗೆಸಿ, ಆಸ್ಪತ್ರೆಯ ಉಡುಪಿನಲ್ಲಿ ತಕ್ಕಡಿಯ ಮೇಲೆ ನಿಲ್ಲಿಸಿದರು. ದೇವರ ಸನ್ನಿಧಿಯಲ್ಲಿ ಭಕ್ತರು ತುಲಾಭಾರಕ್ಕೆ ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿ ಇನ್ನೊಂದು ತಟ್ಟೆಯಲ್ಲಿ ಬೆಲ್ಲ, ಸಕ್ಕರೆ, ಕೊಬ್ಬರಿ. ಇಲ್ಲಿ ಒಂದು ಸಣ್ಣ ಸೀಸೆಯಲ್ಲಿ ಹಿಡಿಸುವಷ್ಟು ಔಷಧ. ಮನುಷ್ಯನನ್ನು ತೂಗಿ ಅದಕ್ಕೆ ಸರಿಯಾಗಿ ಕೊಡುವ ಶ್ರದ್ಧೆ ಎರಡರಲ್ಲೂ ಒಂದೇ ಎನಿಸಿ ಮನಸ್ಸಿಗೆ ಏನೋ ಆಸರೆ ದೊರೆಯಿತು. ಅಂದೇ ಮೊದಲ ಪಾಲು ಅವಳ ರಕ್ತ ಸೇರಿತು.

ಆಮೇಲಿನ ದಿನಗಳಲ್ಲಿ ನಾನು ಬೆಳಗಿನ ಪೂಜೆ ಮುಗಿಸಿ ಲೋಕಲ್ ಹಿಡಿದು ಹೋಗಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಪಾರಾಯಣ ಮಾಡುತ್ತಿದ್ದೆ. ಒಂದು ತೊಡಕು ನನ್ನನ್ನು ಕಾಡುತ್ತಿತ್ತು. ದೇವರಲ್ಲಿ ಏನೆಂದು ಕೇಳಲಿ? ಮಗಳ ಮೈ ಗೆಲ್ಲಲೆಂದರೆ ಸೋಲಬೇಕಾದದ್ದು ಮಗನ ರಕ್ತ. ಆ ರಕ್ತ ಪೂರಾ ಸೋತರೆ ಹಳೆಯ ರೋಗಕ್ಕೆ ಬಾಗಿಲು ತೆರೆದಂತೆ. ಜೀವಮಾನವೆಲ್ಲ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿದವನು ನಾನು; ಶಬ್ದಕ್ಕೆ ನನ್ನಲ್ಲಿ ಕೊರತೆಯಿರಲಿಲ್ಲ. ಆದರೂ ಆ ಬೆಂಚಿನ ಮೇಲೆ ಸಂಕಲ್ಪದ ವಾಕ್ಯ ಕೂಡಿಬರಲಿಲ್ಲ. ಕೊನೆಗೆ, ಇವರಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂಬುದು ಆ ಕಣಗಳಿಗೆ ನೆನಪಾಗಲಿ ಎಂದಷ್ಟೇ ಕೇಳಿಕೊಂಡೆ. ಅದಕ್ಕಿಂತ ಹೆಚ್ಚು ಬೇಡಲು ಭಯವಾಯಿತು.

ಮಗನ ಸ್ಥಿತಿ ನನಗಿಂತ ಕಷ್ಟದ್ದು. ಎರಡನೆಯ ದಿನ ಅವನು ಅಕ್ಕನ ಹಾಸಿಗೆಯ ಪಕ್ಕ ನಿಂತವನು ತಲೆ ತಗ್ಗಿಸಿದ. "ಅಕ್ಕಾ, ನನ್ನ ರಕ್ತನ ನಿನ್ನ ಮೈ ಕಡೀಲಿಕತ್ತದ. ಕೊಡದಿದ್ರ ಛಲೋ ಇತ್ತೇನೋ."

ಅವಳು ಸೊರಗಿದ್ದಳು, ಆದರೆ ನಾಲಿಗೆ ಸೊರಗಿರಲಿಲ್ಲ. "ಹೊಸಾದೇನೋ ಇದು? ಸಣ್ಣಾಂವ ಇದ್ದಾಗೂ ಕಡೀತಿದ್ದಿ. ಮೊಣಕೈ ಮ್ಯಾಲ ಇನ್ನೂ ನಿನ್ನ ಹಲ್ಲಿನ ಗುರ್ತು ಅದ, ನೋಡು. ಆವಾಗ ಅವ್ವ ನಿನಗ ಕಿವಿ ಹಿಂಡಿ ಮೂಲಿಗೆ ಕೂಡಸ್ತಿದ್ಳು. ಈಗ ಡಾಕ್ಟರ್ ಮೇಡಂ ಕೂಡಸ್ಲಿಕತ್ತಾರ. ಸುಮ್ಮನ ಕೂಡು."

ಮಗನಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಮೂರನೆಯ ದಿನ ಭೇದಿ ಹೆಚ್ಚಲಿಲ್ಲ. ಕಡಿಮೆಯೂ ಆಗಲಿಲ್ಲ. ಡಾಕ್ಟರ್ ಪ್ರಮಾಣವನ್ನು ಬದಲಿಸಲಿಲ್ಲ. ಕರುಳಿನ ತುಣುಕಿನ ಪರೀಕ್ಷೆಯೂ ಅವರ ಊಹೆಯನ್ನೇ ಸಮರ್ಥಿಸಿತು. ಮರುದಿನ ಎದೆಯ ಮೇಲಿನ ದದ್ದು ಮಾಸಿದಂತೆ ನನ್ನ ಹೆಂಡತಿಗೆ ತೋರಿತು. ತನ್ನ ಕಣ್ಣನ್ನು ತಾನೇ ನಂಬದೆ ನನ್ನನ್ನು ಕರೆದಳು, ನಾನು ಅಳಿಯಂದಿರನ್ನು ಕರೆದೆ. ಮೂವರಿಗೂ ಹಾಗೆಯೇ ಕಂಡಿತು, ಮೂವರೂ ಡಾಕ್ಟರ್ ಬರುವವರೆಗೆ ಆ ಮಾತನ್ನು ಜೋರಾಗಿ ಆಡಲಿಲ್ಲ. ಅದರ ಮರುದಿನ ಭೇದಿ ಅರ್ಧಕ್ಕಿಳಿಯಿತು. ವಾರ ತುಂಬುವ ಮೊದಲೇ ಅವಳು ಹಾಸಿಗೆಯಲ್ಲಿ ಎದ್ದು ಕುಳಿತು, "ಅವ್ವಾ, ಹಸಿವು" ಎಂದಳು.

ಡಾಕ್ಟರ್ ಬಾಗಿಲಲ್ಲಿ ನಿಂತು ಆ ಮಾತು ಕೇಳಿಸಿಕೊಂಡರು. "ಬಗ್ಗೇದ ಕಾಕಾ" ಎಂದರು. ಅಷ್ಟೇ. ನಾನು ಬೆಂಚಿಗೆ ಮರಳಿ, ಪಾರಾಯಣ ಬಿಟ್ಟ ಜಾಗ ಹುಡುಕಿದೆ. ಅಕ್ಷರಗಳು ಮಂಜಾಗಿ ಕಂಡವು. ಪುಸ್ತಕ ಮುಚ್ಚಿ ಕೈಮುಗಿದೆ.

ಆದರೆ ಸ್ಟಿರಾಯ್ಡ್ ತನ್ನ ಕೆಲಸ ಮಾಡಿಕೊಟ್ಟು ಸುಮ್ಮನೆ ಹೋಗುವ ಅತಿಥಿಯಲ್ಲ. ಮನೆಗೆ ಬಂದ ಮಗಳನ್ನು ನೋಡಿದರೆ ಬೇರೊಬ್ಬರಂತಿದ್ದಳು. ಮುಖ ಗುಂಡಗೆ ಉಬ್ಬಿತ್ತು. ಸಕ್ಕರೆ ಏರಿದ್ದರಿಂದ ಇನ್ಸುಲಿನ್ ಚುಚ್ಚಬೇಕಾಯಿತು. ಹೊತ್ತು ಹೊತ್ತಿಗೆ ಕಟಕ ರೊಟ್ಟಿ ಬೇಕು, ಅವಲಕ್ಕಿ ಬೇಕು. ತಟ್ಟೆ ತಡವಾದರೆ ಸಿಟ್ಟು, ಸಿಟ್ಟು ಮಾಡಿದ್ದಕ್ಕೆ ಅಳು. ಮಾತ್ರೆಗಳನ್ನು ಬೆಳಿಗ್ಗೆಯೇ ತಿಂಡಿಯ ಮೇಲೆ ಕೊಡಬೇಕು, ತಡವಾದರೆ ನಿದ್ರೆ ಹತ್ತಿರ ಸುಳಿಯುವುದಿಲ್ಲವೆಂದಿದ್ದರು. ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಮೊದಲು ಒಲೆಯ ಮೇಲಿನದನ್ನು ಯಾರೂ ಬಾಯಿಗಿಟ್ಟವರಲ್ಲ. ನಾನು ಪೂಜೆಯ ಹೊತ್ತನ್ನೇ ಹಿಂದಕ್ಕೆ ಎಳೆದು, ಸೂರ್ಯೋದಯಕ್ಕೆ ನೈವೇದ್ಯ ಮುಗಿಸತೊಡಗಿದೆ. ದೇವರು ಬೇಗ ಉಂಡ, ಮಗಳು ಬೇಗ ಉಂಡಳು, ಯಾರ ವ್ರತವೂ ಕೆಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನಮ್ಮನ್ನು ನೋಯಿಸಿದ್ದು ಅವಳ ತೊಡೆಗಳ ಸೋಲು. ಈ ಔಷಧ ದೊಡ್ಡ ಸ್ನಾಯುಗಳ ಬಲವನ್ನು ಹೀರುತ್ತದಂತೆ. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಸ್ನಾನದ ಮಣೆಯಿಂದ ಏಳಲು ತಾಯಿ ಕಂಕುಳಿಗೆ ಕೈ ಕೊಡಬೇಕು.

ಅದನ್ನು ನೋಡಲಾರದೆ ನನ್ನ ಹೆಂಡತಿ ಒಂದು ಮಧ್ಯಾಹ್ನ ನನ್ನ ಬಳಿ ಬಂದಳು. "ಏನ್ರಿ, ದದ್ದು ಹೋತು, ಭೇದಿ ನಿಂತು ಎಷ್ಟು ದಿವಸಾತು. ಇನ್ನ ಈ ಗುಳಗಿ ಯಾಕ? ಡಾಕ್ಟರ್ ವಾರಕ್ಕಿಷ್ಟು ಅಂತ ಕಡಿಮಿ ಮಾಡ್ಲಿಕತ್ತಾರ. ನಾವ ಒಂದಿಷ್ಟು ಜಲ್ದಿ ಕಡಿಮಿ ಮಾಡಿದ್ರ?"

ನಾನು ಅವಳಿಗೆ ಚಾಂದ್ರಾಯಣ ವ್ರತದ ಕ್ರಮ ನೆನಪಿಸಿದೆ. ಪೂರ್ಣಿಮೆಯಂದು ಹದಿನೈದು ತುತ್ತು; ಚಂದ್ರ ಕ್ಷೀಣಿಸಿದಂತೆ ದಿನಕ್ಕೊಂದೊಂದು ತುತ್ತು ಇಳಿಸುತ್ತ ಅಮಾವಾಸ್ಯೆಗೆ ನಿರಾಹಾರ. ಹಸಿವು ತಡೆದೀತೆಂದು ಹದಿನೈದರಿಂದ ಐದಕ್ಕೆ ಹಾರಿದವನಿಗೆ ವ್ರತದ ಫಲವಿಲ್ಲ. ಇಳಿಯುವುದಕ್ಕೂ ಒಂದು ಮರ್ಯಾದೆಯಿದೆ. ಅವಳು ಒಪ್ಪಿದಳು, ಆದರೆ ಪೂರ್ತಿ ಅಲ್ಲ. "ವ್ರತ ಹಿಡದವರ ಮುಖ ಇಳೀತದ. ಇವಳ ಮುಖ ನೋಡಿದ್ರ ದಿನಾ ಹುಣ್ಣಿವಿನ" ಎಂದು ಗೊಣಗುತ್ತ ಒಳಗೆ ಹೋದಳು.

ಮುಂದಿನ ಭೇಟಿಯಲ್ಲಿ ಇದನ್ನು ಡಾಕ್ಟರರಿಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟರು. "ಛಲೋ ಹೇಳೀರಿ ಕಾಕಾ. ಆದ್ರ ನಿಮ್ಮ ಚಂದ್ರನಷ್ಟು ಅವಸರ ನಮಗಿಲ್ಲ. ನಾವು ಒಂದು ಮೆಟ್ಟಲಾ ಇಳದು, ನಿಂತು, ಹಿಂದ ತಿರುಗಿ ನೋಡ್ತೀವಿ. ಅವು ಸುಮ್ಮನ ಕೂತಾವೋ ಎದ್ದಾವೋ ನೋಡಿ ಆಮ್ಯಾಲ ಮತ್ತೊಂದು. ಭಾಳ ದಿವಸ ತಗೊಂಡ ಗುಳಗಿ ತಟ್ಟನ ಬಿಟ್ರ ಮೈಯಾಗಿನ ಬಲಾನೂ ಕುಸೀತದ. ಮಾವಶಿಗೆ ಹೇಳ್ರಿ, ಒಂದು ಗುಳಗೀನೂ ತಮ್ಮ ಮನಸಿನಿಂದ ತಗೀಬಾರದು."

ಹಾಗೆ ನಿಂತು ನೋಡುವ ಪ್ರಸಂಗವೂ ಬಂದಿತು. ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದ ವಾರ, ನವರಾತ್ರಿಯ ದಿನಗಳಲ್ಲಿ, ಮಗಳ ಕಿವಿಯ ಹಿಂದೆ ಮತ್ತೆ ಕೆಂಪು ಕಾಣಿಸಿತು. ನನ್ನ ಹೆಂಡತಿ ಈ ಸಲ ದೇವರ ಮುಂದೆ ಸ್ಥಾಪಿಸಿದ್ದ ಘಟದ ನಂದಾದೀಪವನ್ನು ನನಗೆ ಒಪ್ಪಿಸಿ, ತಾನೇ ಫೋನ್ ಮಾಡಿದಳು. ಡಾಕ್ಟರ್ ನೋಡಿ, ಹಚ್ಚಲು ಮುಲಾಮು ಕೊಟ್ಟು, ಮಾತ್ರೆಯನ್ನು ಇಳಿಸದೆ ಏರಿಸದೆ ಇದ್ದಲ್ಲಿಯೇ ನಿಲ್ಲಿಸಿದರು. ಆ ವಾರ ಮನೆಯಲ್ಲಿ ಎಲ್ಲರೂ ಅವಳ ಕಿವಿಯನ್ನೇ ನೋಡುತ್ತ ಮಾತಾಡುತ್ತಿದ್ದೆವು. "ನನ್ನ ಕಿವ್ಯಾಗ ಏನು ಸಿನಿಮಾ ನಡದದ ಏನು?" ಎಂದು ಅವಳು ರೇಗಿದಳು. ಕೆಂಪು ಮುಂದಕ್ಕೆ ಹಬ್ಬಲಿಲ್ಲ. ವಿಜಯದಶಮಿ ಕಳೆದ ಮೇಲೆ ಅದು ಮಾಸಿತು; ಇಳಿಕೆ ಮತ್ತೆ ಆರಂಭವಾಯಿತು.

ಮಳೆ ಹಿಂದೆಗೆದು ಬಿಸಿಲು ಬಿರುಸಾಯಿತು. ಒಂದೊಂದು ಮೆಟ್ಟಿಲಿಗೂ ಮಗಳ ಮುಖದ ಉಬ್ಬು ಸ್ವಲ್ಪ ಸ್ವಲ್ಪ ಇಳಿಯಿತು. ಇನ್ಸುಲಿನ್ ನಿಂತಿತು. ಸಿಟ್ಟು ಮೊದಲಿನ ಅಳತೆಗೆ ಬಂತು. ಅವಳು ಮೊದಲೇ ಸಾಧುಸ್ವಭಾವದವಳೇನಲ್ಲವೆಂದು ಅಳಿಯಂದಿರು ನೆನಪಿಸಿದರು. ದೀಪಾವಳಿಯ ಹಿಂದಿನ ಭೇಟಿಯಲ್ಲಿ ಡಾಕ್ಟರ್, ಉಳಿದಿರುವುದು ಬಹಳ ಸಣ್ಣ ಪ್ರಮಾಣ, ಅದನ್ನೂ ಕೆಲವು ವಾರಗಳಲ್ಲಿ ಮುಗಿಸೋಣ, ಜಗಳ ಮತ್ತೆ ತಲೆಯೆತ್ತಿಲ್ಲ, ಹಳೆಯ ರೋಗದ ಸುಳಿವೂ ಇಲ್ಲ ಎಂದರು. ಕೋಣೆಯಿಂದ ಹೊರಬಂದ ಮೇಲೆ ಅಳಿಯಂದಿರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ನಾವು ನೋಡದವರಂತೆ ಮುಂದೆ ನಡೆದೆವು.

ಪಾಡ್ಯದ ಬೆಳಿಗ್ಗೆ ಅಭ್ಯಂಗ ಮುಗಿದು ಎಲ್ಲರೂ ಹೊಸ ಬಟ್ಟೆ ಉಟ್ಟಿದ್ದರು. ಮಗ ನಮಸ್ಕಾರ ಮಾಡಿದ, ಅಳಿಯಂದಿರು ಮಾಡಿದರು. ಆಮೇಲೆ ಮಗಳು ಸೆರಗು ಸರಿಪಡಿಸಿಕೊಂಡು ನಮ್ಮಿಬ್ಬರ ಮುಂದೆ ಬಂದು ನಿಂತಳು. ನಿಂತಲ್ಲೇ ಕೈ ಮುಗಿದರೆ ಸಾಕೆಂದು ನಾನು ಹೇಳುವಷ್ಟರಲ್ಲಿ ಮೊಣಕಾಲೂರಿ ಕುಳಿತು, ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು.

ನನ್ನ ಹೆಂಡತಿ ಎತ್ತಲು ಕೈ ಮುಂದೆ ಮಾಡಿದಳು. ಕೆಳಗಿನಿಂದಲೇ ಮಗಳು, "ಮುಟ್ಟಬ್ಯಾಡ ಅವ್ವಾ" ಎಂದಳು. ಹಣೆ ಎತ್ತಿದಳು. ಒಂದು ಪಾದವನ್ನು ಮುಂದಿಟ್ಟು ಊರಿದಳು. ಸೀರೆಯೊಳಗೆ ತೊಡೆ ನಡುಗುವುದು ಕಾಣುತ್ತಿತ್ತು. ನೆಲಕ್ಕೂ ಕೈ ಊರಲಿಲ್ಲ, ಗೋಡೆಗೂ ಊರಲಿಲ್ಲ. ತಮ್ಮ ಎರಡು ಹೆಜ್ಜೆ ಮುಂದೆ ಬಂದು ತಡೆದು ನಿಂತ. ಅವಳು ಹಲ್ಲು ಕಚ್ಚಿ, ಮೆಲ್ಲಗೆ, ಪೂರ್ತಿಯಾಗಿ ಎದ್ದು ನಿಂತಳು.

ಏದುಸಿರಿನ ನಡುವೆ ನನ್ನ ಮುಖ ನೋಡಿದಳು. "ಅಪ್ಪಾ, ಆಶೀರ್ವಾದ ಎಲ್ಲಿ? ಅದನ್ನ ಹೇಳದ ನನ್ನ ಕಾಲ ನೋಡ್ಲಿಕತ್ತೀರಲ್ಲ! ಮತ್ತೊಮ್ಮೆ ಬಗ್ಗಲಿಕ್ಕೆ ಆಗೂದಿಲ್ಲ, ಈಗ ಹೇಳಿಬಿಡ್ರಿ."

ಅವಳು ಬಗ್ಗಿದಾಗ ಹೇಳಬೇಕಾದದ್ದನ್ನು ನಾನು ಮರೆತೇಬಿಟ್ಟಿದ್ದೆ. ನಿಂತವಳ ತಲೆಯ ಮೇಲೆ ಎರಡೂ ಕೈಯಿಟ್ಟು ಹೇಳಿದೆ. ಅವಳ ತಲೆಯಲ್ಲಿ ಹೊಸದಾಗಿ ಚಿಗುರಿದ ಮೋಟು ಕೂದಲು ಎಣ್ಣೆಯಿಂದ ತೊಯ್ದು ಬೆಚ್ಚಗಿತ್ತು.